ಗುಜರಿಯ ಮೋಡೆಮ್ಮು, ಎಸ್ಸೆಸ್ಸೆಲ್ಸಿ ರಿಸಲ್ಟು

ಸಿದ್ದಾಪುರದಲ್ಲಿ ನಾನು ನಡೆಸುತ್ತಿದ್ದ ಟೈಪಿಂಗ್ ಕ್ಲಾಸಿಗೆ ಕಂಪ್ಯೂಟರ್ ಬಂದ ಮರುವರ್ಷ ಶಿರಸಿಯ ಗುಜರಿ ಅಂಗಡಿಯಿಂದ ಒಂದು ಮೋಡೆಮ್ ತಂದೆ. ಫೋನ್ ಲೈನಿನಿಂದ ಕಂಪ್ಯೂಟರಿಗೆ ಇಂಟರ್ನೆಟ್ ತಂದುಕೊಡುವ ಪೆಟ್ಟಿಗೆ ಅದು. ಯಾವುದೋ ಮುಚ್ಚಿದ ಆಫೀಸಿನ ಸಾಮಾನು. ಅಡಾಪ್ಟರ್ ಮಾತ್ರ ಇರಲಿಲ್ಲ. ನನ್ನಲ್ಲಿದ್ದ ಒಂದರ ಪಿನ್ ಸರಿಯಾಗಿ ಕೂತಿತು, ಕೆಂಪು ದೀಪವೂ ಹತ್ತಿತು. ಅಷ್ಟಕ್ಕೇ ನಂಬಿ, ಎಸ್ಸೆಸ್ಸೆಲ್ಸಿ ರಿಸಲ್ಟ್ ಇಲ್ಲೇ ನೋಡಬಹುದು ಎಂದು ನಾಲ್ಕು ಜನರಿಗೆ ಹೇಳಿಬಿಟ್ಟೆ.

ರಿಸಲ್ಟಿನ ದಿನ ಮಧ್ಯಾಹ್ನ ಮನ್ಮನೆ ಕಡೆಯ ಹೆಂಗಸೊಬ್ಬಳು ಬಂದಳು. ನಲವತ್ತರ ಹತ್ತಿರದವಳು. ಮಗಳದ್ದೋ ಎಂದು ಕೇಳಿದೆ.

"ನಂದೇ ಅಕ್ಕೋರೇ" ಎಂದು ಹಾಲ್ ಟಿಕೆಟ್ ಮೇಜಿನ ಮೇಲಿಟ್ಟಳು.

ಖಾಸಗಿಯಾಗಿ ಪರೀಕ್ಷೆ ಕಟ್ಟಿದ್ದಳು. ಅಂಗನವಾಡಿ ಕೆಲಸದ ಅರ್ಜಿಗೆ ಅಂದೇ ಕಡೇ ದಿನ. ಅಂಕ ಬರೆದು ಐದು ಗಂಟೆಯೊಳಗೆ ಕಚೇರಿಗೆ ಕೊಡಬೇಕು. ಶಾಲೆಗೆ ಪಟ್ಟಿ ಬರುವುದು ಮರುದಿನ.

ಮೋಡೆಮ್ಮಿನ ದೀಪ ಉರಿಯುತ್ತಿತ್ತು. ಕಂಪ್ಯೂಟರಿಗೆ ಮಾತ್ರ ಅದು ಕಾಣಲೇ ಇಲ್ಲ. ವೈರು ಕಿತ್ತು ಹಾಕಿದೆ, ಕಂಪ್ಯೂಟರ್ ಆರಿಸಿ ಹಚ್ಚಿದೆ. ಮೂರೂವರೆ ದಾಟಿತು.

"ಆಗೂದಿಲ್ವ ಅಕ್ಕೋರೇ?"

"ಆಗ್ತದೆ, ಕೂತ್ಕೊಳ್ಳಿ" ಎಂದೆ. ಆಗುತ್ತದೆಂಬ ಭರವಸೆ ನನಗೇ ಇರಲಿಲ್ಲ. ಕರೆಂಟು ಸಾಲದೇನೋ ಎಂದುಕೊಂಡು ಸ್ಕ್ಯಾನರಿನ ದೊಡ್ಡ ಅಡಾಪ್ಟರ್ ಎತ್ತಿಕೊಂಡೆ. ಅದರ ಪಿನ್ನೂ ಹೊಂದುತ್ತಿತ್ತು.

ಅಷ್ಟರಲ್ಲಿ ಪಕ್ಕದ ರೇಡಿಯೋ ರಿಪೇರಿ ಅಂಗಡಿಯವರು ಮೊಮ್ಮಗನ ಪರೀಕ್ಷೆಯ ನಂಬರಿನ ಚೀಟಿ ಹಿಡಿದು ಒಳಗೆ ಬಂದರು. ಸಂಬಂಧದಲ್ಲಿ ನನಗೆ ಮಾವ.

"ತಡಿ ತಂಗಿ, ಅದನ್ನ ಹಾಕಡ" ಎಂದು ಮೋಡೆಮ್ ಮಗುಚಿ ಹಿಡಿದರು. "ಇಲ್ಲಿ ಎಂತ ಬರದಿದ್ದು ಓದು."

ಒಂಬತ್ತು ವೋಲ್ಟ್, ಎಸಿ. ನನ್ನ ಕೈಯಲ್ಲಿದ್ದದ್ದು ಹದಿನೆಂಟು, ಅದೂ ಡಿಸಿ. ಮೊದಲು ಹಾಕಿದ್ದೂ ಡಿಸಿಯೇ; ಅದರಲ್ಲಿ ದೀಪವಷ್ಟೇ ಹತ್ತುತ್ತಿತ್ತು.

"ಪಿನ್ ಕೂತ ಕೂಡ್ಲೆ ಕರೆಂಟ್ ಹೊಂದ್ತಿಲ್ಲೆ. ಇದನ್ನ ಹಾಕಿದ್ರೆ ಸುಟ್ಟೇ ಹೋಗ್ತಿತ್ತು."

ಅಡಾಪ್ಟರನ್ನು ಮೇಜಿನ ಮೇಲಿಟ್ಟೆ. ಆ ಹೆಂಗಸು ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದಳು.

ಮಾವ ಅಂಗಡಿಯಿಂದ ಹಳೇ ಟೇಪ್‌ರೆಕಾರ್ಡರನ್ನು ಬ್ಯಾಟರಿ ಬದಲು ಕರೆಂಟಿನಲ್ಲಿ ಓಡಿಸುವ ಒಂಬತ್ತು ವೋಲ್ಟಿನ ಎಲಿಮಿನೇಟರ್ ತಂದು ಬಿಚ್ಚಿದರು. ಎಸಿಯನ್ನು ಡಿಸಿ ಮಾಡುವ ಡಯೋಡುಗಳನ್ನು ಕತ್ತರಿಸಿ ತೆಗೆದು, ಟ್ರಾನ್ಸ್‌ಫಾರ್ಮರಿನ ವೈರುಗಳನ್ನು ನೇರ ಪಿನ್ನಿಗೆ ಬೆಸೆದರು. ಮೀಟರ್ ಹಿಡಿದು ನೋಡಿ, "ಸಣ್ಣದು, ಬಿಸಿ ಆಗ್ತು. ಹತ್ತು ನಿಮಿಷದ ಮೇಲೆ ಇಡಡ" ಎಂದರು.

ಈ ಸಲ ಮೋಡೆಮ್ ಕಿರುಗುಟ್ಟಿ ಲೈನ್ ಹಿಡಿಯಿತು. ಪುಟ ಗೆರೆಗೆರೆಯಾಗಿ ಇಳಿಯತೊಡಗಿತು. ಗಡಿಬಿಡಿಯಲ್ಲಿ ಅವಳ ನಂಬರಿನ ಒಂದಂಕಿ ತಪ್ಪು ಒತ್ತಿದೆ, ಮತ್ತೆ ಮೊದಲಿನಿಂದ. ಮಾವ ಎಲಿಮಿನೇಟರಿನ ಮೇಲಿಟ್ಟಿದ್ದ ಕೈ ತೆಗೆದು ಊದಿಕೊಂಡರು. ಅದರೊಳಗಿನ ತಂತಿಯ ವಾರ್ನಿಶ್ ಕಾದ ವಾಸನೆ ಬರತೊಡಗಿತ್ತು.

ಅಂಕಗಳು ಬಂದವು. ಇಂಗ್ಲಿಷಿನಲ್ಲಿ ಮೂವತ್ತೈದು.

"ಪಾಸು" ಎಂದೆ.

"ಇಂಗ್ಲೀಷೂವಾ?"

"ಇಂಗ್ಲಿಷೂ."

ಅವಳು ನಗಲಿಲ್ಲ. ಅಂಕ ಬರೆದುಕೊಟ್ಟ ಚೀಟಿಯನ್ನು ಎರಡು ಸಲ ಓದಿ, ಕಚೇರಿಯ ಕಡೆಗೆ ಓಡುನಡಿಗೆಯಲ್ಲಿ ಹೋದಳು. ಐದಕ್ಕೆ ಹತ್ತು ನಿಮಿಷವಿರುವಾಗ ಅರ್ಜಿ ಕೊಟ್ಟಳೆಂದು ಆಮೇಲೆ ತಿಳಿಯಿತು.

ಅವಳು ಹೊರಡುವಷ್ಟರಲ್ಲೇ ಮಾವ ಕಾದ ಎಲಿಮಿನೇಟರಿನ ಪ್ಲಗ್ ಕಿತ್ತಿದ್ದರು.

"ಮೊಮ್ಮಗಂದು ನೋಡಿದ್ದೇ ಇಲ್ಲೆ ಮಾವ" ಎಂದೆ.

"ಅವಂದು ನಾಳೆ ಶಾಲೆಲಿ ನೋಡಿದ್ರಾತು" ಎಂದು ನಂಬರಿನ ಚೀಟಿ ಕಿಸೆಗೆ ಹಾಕಿಕೊಂಡರು.