ಅಡಿಗೆಮನೆಗೆ ಎಳೆದ ವೈರು

ಕೂಡ್ಲಿಗಿಯ ಯಶೋಧರಾಗೆ ಸಿಟ್ಟು ಬಂದರೆ ಮಾತು ಕಡಿಮೆಯಾಗುತ್ತದೆ. ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿ ಕೊಟ್ರಸ್ವಾಮಿ ಫೋನಿನಲ್ಲಿ ಕೂಗಾಡಿದ ಆ ಭಾನುವಾರ ಅವಳು "ಬರ್ತೀನ್ರಿ" ಎಂದಷ್ಟೇ ಹೇಳಿ, ಬ್ಯಾಗು ಹೆಗಲಿಗೇರಿಸಿ ಬಸ್ಸು ಹತ್ತಿದಳು. ಕೊಟ್ಟೂರು ದಾಟಿದರೂ ಕಚ್ಚಿದ ಹಲ್ಲು ಸಡಿಲಾಗಲಿಲ್ಲ.

ಹನ್ನೊಂದು ವರ್ಷದಿಂದ ಅವಳದು ವೈರಿಂಗ್ ಕೆಲಸ. ಐಟಿಐ ಮುಗಿಸಿ ಬಂದಾಗ "ಹೆಣ್ಮಗಳು ಏಣಿ ಹತ್ತತಾಳಂತ" ಎಂದು ನಕ್ಕವರೇ ಈಗ ಇನ್ವರ್ಟರ್ ಕೆಟ್ಟರೆ ಅವಳಿಗೆ ಫೋನು ಮಾಡುತ್ತಾರೆ. ಅಪ್ಪ ಜೋಗಪ್ಪ ಮೈಕ್ ಸೆಟ್ಟಿನವರ ಹತ್ತಿರ ಬಾಕ್ಸು ಹೊತ್ತವನು. ಮಗಳಿಗೆ ಸ್ಪೀಕರಿನ ಹುಚ್ಚು ಹಿಡಿಸಿದವನೂ ಅವನೇ.

ಹಿಂದಿನ ವಾರ ಅವಳು ಹಿಡಿದ ಕೆಲಸ ಕೊಟ್ರಸ್ವಾಮಿಯ ಹೊಸ ಮನೆಯದು. ಆರು ಕೋಣೆಗೂ ಸ್ಪೀಕರು. ಆಂಪ್ಲಿಫೈಯರ್ ಮಾತ್ರ ಪಡಸಾಲೆಯ ಕಪಾಟಿನೊಳಗೆ. ರಿಮೋಟಿನ ಬೆಳಕು ಗೋಡೆ ದಾಟುವುದಿಲ್ಲ. ಅದಕ್ಕೇ ಒಂದೊಂದು ಕೋಣೆಯ ಗೋಡೆಗೂ ಆ ಬೆಳಕು ಹಿಡಿಯುವ, ಕಡಲೆಕಾಳಿನಷ್ಟು ದಪ್ಪದ ಕಣ್ಣು ಕೂಡಿಸಿ, ಅಲ್ಲಿಂದ ಮೂರೆಳೆಯ ವೈರನ್ನು ಕಪಾಟಿಗೆ ಎಳೆದು, ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ಸೇರಿಸಬೇಕು. ಕರೆಂಟಿನ ವೈರಿನ ಜೊತೆ ಹೋದರೆ ಸಿಗ್ನಲ್ ಕೆಡುತ್ತದೆಂದು ಯಶೋಧರಾ ಬೇರೆಯೇ ಪೈಪು ಹಾಕಿದಳು. ಬಿಸಿಲು ನೇರ ಬೀಳುವ ಗೋಡೆ ಬಿಟ್ಟಳು. ನಾಲ್ಕು ದಿನದಲ್ಲಿ ಐದು ಕೋಣೆ ಮುಗಿದವು.

ಉಳಿದದ್ದು ಅಡಿಗೆಮನೆ. ಅದರೊಳಗೇ ದೇವರ ಜಗುಲಿ. ಬಾಗಿಲಲ್ಲಿ ಕೊಟ್ರಸ್ವಾಮಿಯ ತಾಯಿ ಪಂಪಮ್ಮ ಕೂತಿದ್ದರು.

"ಕೂಡ್ಲಿಗ್ಯಾಗ ನಿಮ್ಮನಿ ಯಾವ ಕಡಿ ಬರತೈತವ್ವಾ?"

ಈ ಪ್ರಶ್ನೆ ಯಾಕೆ ಬರುತ್ತದೆಂದು ಯಶೋಧರಾಗೆ ಗೊತ್ತು; ಕೇರಿ ತಿಳಿದರೆ ಜಾತಿ ತಿಳಿಯುತ್ತದೆ. ಇದ್ದದ್ದನ್ನು ಇದ್ದಂಗೆ ಹೇಳಿದಳು. ಪಂಪಮ್ಮ ದನಿ ಏರಿಸಲಿಲ್ಲ. "ಆ ಸಾಮಾನು ಇಲ್ಲಿ ಇಡವ್ವಾ. ನಮ್ಮ ಡ್ರೈವರ್ ಪ್ರವೀಣಕುಮಾರ ಹಾಕ್ತಾನ. ನೀನ್ಯಾಕ ಒಳಗ" ಎಂದರು. ಸೊಸೆ ಅಮೃತಾ ಅಲ್ಲೇ ನಿಂತು ಬಳೆ ತಿರುಗಿಸಿಕೊಳ್ಳುತ್ತಿದ್ದಳು.

ಯಶೋಧರಾಗೆ ಸಿಟ್ಟೇರಿತು. ಆದರೂ ಪ್ರವೀಣಕುಮಾರನನ್ನು ಕರೆದು, ಯಾವ ಬಣ್ಣದ ಎಳೆ ಎಲ್ಲಿಗೆ ಎಂದು ಎರಡೆರಡು ಸಲ ತೋರಿಸಿ ಬಂದಿದ್ದಳು. ಅವತ್ತು ನುಂಗಿಕೊಂಡದ್ದು ಬಸ್ಸಿನಲ್ಲಿ ಈಗ ಕುದಿಯುತ್ತಿತ್ತು.

ಅವಳು ಹರಪನಹಳ್ಳಿ ಮುಟ್ಟಿದಾಗ ಪಡಸಾಲೆಯಲ್ಲಿ ಹತ್ತಾರು ನೆಂಟರು ಕೂತಿದ್ದರು. ಕೊಟ್ರಸ್ವಾಮಿ ರಿಮೋಟನ್ನು ಸೋಫಾದ ಮೇಲೆ ಒಗೆದ.

"ಏನಮ್ಮಾ ಇದು? ಒಂದು ಕ್ವಾಣ್ಯಾಗೂ ಕೆಲಸ ಮಾಡವಲ್ದು. ಮಂದಿ ಮುಂದ ಮಾನ ಹೋತು. ಇಂಥೋರಿಗೆ ಕೆಲಸ ಕೊಟ್ರ ಹಿಂಗಾ!"

"ಇಂಥೋರು" ಎಂದಾಗ ಒಬ್ಬಿಬ್ಬರು ನೆಂಟರು ಅವಳನ್ನೇ ನೋಡಿದರು. ಅವಳು ಕಪಾಟು ತೆಗೆದು ಮೀಟರ್ ಹಿಡಿದಳು. ಐದು ವೋಲ್ಟ್ ಇರಬೇಕಾದಲ್ಲಿ ಒಂದೂ ಇರಲಿಲ್ಲ. ಎಲ್ಲಾ ಕಣ್ಣುಗಳಿಗೂ ಕರೆಂಟು ಬರುವುದು ಆ ಒಂದೇ ಪೆಟ್ಟಿಗೆಯಿಂದ. ಒಂದನ್ನು ತಿರುವುಮುರುವು ಜೋಡಿಸಿದರೆ ಉಳಿದವೂ ಕುರುಡಾಗುತ್ತವೆ. ಅವಳು ಅಡಿಗೆಮನೆಯ ವೈರನ್ನು ಪೆಟ್ಟಿಗೆಯಿಂದ ಕಿತ್ತಳು. ಮೀಟರ್ ಐದಕ್ಕೆ ಏರಿತು. ಮಲಗುವ ಕೋಣೆಗೆ ಹೋಗಿ ರಿಮೋಟ್ ಒತ್ತಿದಳು. ಐದು ಕೋಣೆಯಲ್ಲೂ ಹಾಡು ಹೊರಟಿತು.

"ಅಡಿಗಿ ಮನಿದು?" ಕೊಟ್ರಸ್ವಾಮಿ ಕೇಳಿದ.

"ಅದನ್ನ ನಾನು ಹಾಕಿಲ್ರಿ. ನನ್ನ ಒಳಗ ಬಿಡಲಿಲ್ಲ. ನಿಮ್ಮ ಡ್ರೈವರ್ ಕೆಂಪು ಕರಿ ಅದಲುಬದಲು ಮಾಡ್ಯಾನ."

ಕೊಟ್ರಸ್ವಾಮಿ ನೆಂಟರ ಕಡೆ ನೋಡಿದ. "ಆತು ಬಿಡು, ಇನ್ನೊಮ್ಮೆ ಅವಗ ತೋರಿಸಿಕೊಡು."

ಅಷ್ಟಕ್ಕೆ ಅವಳ ಸಿಟ್ಟು ಕಟ್ಟೆಯೊಡೆಯಿತು.

"ತೋರಿಸಂಗಿಲ್ಲ ಸಾವ್ಕಾರ್ರ! ಗ್ವಾಡಿ ಕೊರಿಯಾಕ, ಧೂಳು ಕುಡಿಯಾಕ ನಾನು ಬೇಕು. ಬಾಗಿಲ ದಾಟಾಕ ಮಾತ್ರ ಬ್ಯಾಡ. ಹಾಕಿದ್ರ ನಾನಾ ಹಾಕ್ತೀನಿ. ಇಲ್ಲಾಂದ್ರ ಅದು ಹಂಗಾ ಇರ್ಲಿ. ಮತ್ತ, ಇಂಥೋರು ಅಂದ್ರೆಲ್ಲ, ಮಂದಿ ಮುಂದ ಅಂದೀರಿ. ಮಂದಿ ಮುಂದಾ ಆ ಮಾತು ವಾಪಸ್ ತಗೋರಿ."

ಹಾಡು ತನ್ನ ಪಾಡಿಗೆ ನಡೆದಿತ್ತು. ಯಾರೂ ಅದನ್ನು ನಿಲ್ಲಿಸಲಿಲ್ಲ. ಕೊನೆಗೆ ಕೊಟ್ರಸ್ವಾಮಿ ನೆಲ ನೋಡುತ್ತಾ, "ತಪ್ಪು ನಿಂದಲ್ಲ, ಆತಾ" ಎಂದ. ಅರ್ಧ ಬಾಯಲ್ಲಿ ಆಡಿದ ಮಾತು. ಅಮೃತಾ ಎದ್ದು ಅಡಿಗೆಮನೆಯ ಬಾಗಿಲು ಪೂರಾ ತೆರೆದಳು. ಪಂಪಮ್ಮ "ಅಮೃತಾ!" ಎಂದವರು, ಸೊಸೆ ಕದಲದ್ದು ಕಂಡು ಹೊರಗಿನ ಕಟ್ಟೆಗೆ ಹೋಗಿ ಕೂತರು.

ಒಳಗೆ ಯಶೋಧರಾಳ ಕೈಯಿಂದ ಸ್ಕ್ರೂ ಎರಡು ಸಲ ಜಾರಿ ಬಿತ್ತು. ಅಮೃತಾ ಅದನ್ನು ಎತ್ತಿಕೊಡುತ್ತಾ, "ನಮ್ಮತ್ತಿ ಹಳೇ ಕಾಲದೋರು, ಮನಸಿಗೆ ಹಚ್ಚಿಕೋಬ್ಯಾಡ್ರಿ" ಎಂದಳು.

"ನೀವು ಈ ಕಾಲದೋರು. ಅವತ್ತು ಇಲ್ಲೇ ನಿಂತಿದ್ರಿ" ಎಂದಳು ಯಶೋಧರಾ.

ಹತ್ತು ನಿಮಿಷದಲ್ಲಿ ಆರನೆಯ ಕೋಣೆಯೂ ರಿಮೋಟಿಗೆ ಓಗೊಟ್ಟಿತು. ಚಹಾ ಬಂತು, ಅವಳು ಮುಟ್ಟಲಿಲ್ಲ.

ಕೆಲಸದ ಫೋನು ಬಂದಾಗ ಈಗ ಅವಳು ಮೊದಲೇ ಹೇಳುತ್ತಾಳೆ: "ಎಲ್ಲಾ ಕ್ವಾಣಿಗೂ ನಾನಾ ಹೋಗಾಕಿ. ಒಪ್ಪಿಗಿ ಇದ್ರ ಬರ್ತೀನಿ." ಹಡಗಲಿಯಲ್ಲಿ ಎರಡು ಮನೆ ಒಪ್ಪಿದವು. ಇಟ್ಟಿಗಿಯ ಒಬ್ಬರು "ಕೇಳಿ ಹೇಳ್ತೀನಿ" ಎಂದು ಫೋನು ಇಟ್ಟವರು ಮತ್ತೆ ಮಾಡಲಿಲ್ಲ. ಅದನ್ನು ನೆನೆದರೆ ಅವಳಿಗೆ ಇವತ್ತಿಗೂ ಮೈ ಉರಿಯುತ್ತದೆ.