ಪಾಪಾತಿಗೆ ನಾನು ಕೊಟ್ಟ ಉತ್ತರ

"ಟೀಚರೇ, ಅಲ್ಲೇ ನಿಲ್ಲಿ! ಒಂದು ಹೆಜ್ಜೆ ಮುಂದೆ ಇಡ್ಬೇಡಿ ಮಾರಾಯ್ರೆ!"

ಬಸರೀಕಟ್ಟೆಗೆ ಬಂದ ಒಂಬತ್ತನೆಯ ದಿನ ಬೆಳಿಗ್ಗೆ ನಮ್ಮ ಮನೆಯೊಡತಿ ಸಾವಿತ್ರಮ್ಮ ಹೀಗೆ ಕೂಗಿಕೊಂಡಾಗ ನಾನು ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಹಿತ್ತಲಿನ ಹಲಸಿನ ಮರದ ಕೆಳಗಿದ್ದೆ. ಹಾವು ಇರಬೇಕೆಂದು ಕಾಲ ಬುಡ ನೋಡಿದೆ. ಹಾವಿರಲಿಲ್ಲ. ನಾಲ್ಕು ಮಾರು ದೂರದಲ್ಲಿ, ಉದುರಿದ ಎಲೆಗಳ ಮೇಲೆ, ಕಪ್ಪು ಮುಖದ ದೊಡ್ಡ ಮಂಗವೊಂದು ಕೆನ್ನೆಯ ಕೆಳಗೆ ಕೈಯಿಟ್ಟು ಮಲಗಿತ್ತು. ಜ್ವರ ಬಂದ ಮಗು ಮಲಗುವ ಹಾಗೆ. ಅದು ಸತ್ತಿತ್ತು.

"ಮಂಗ ಸತ್ತದ್ದಕ್ಕೆ ಇಷ್ಟು ಗಾಬರಿಯೇ?" ಎಂದೆ.

"ನಿಮ್ಗೆ ಗೊತ್ತಿಲ್ಲ. ಮಂಗ ಸತ್ತ ಜಾಗದಲ್ಲಿ ಉಣುಗು ಇರ್ತದೆ. ಅದು ಕಚ್ಚಿದ್ರೆ ಮನುಷ್ಯರಿಗೂ ಅದೇ ಜ್ವರ. ಹಿಂದೆ ಹಿಂದೆ ಬನ್ನಿ. ಬಂದವ್ರೇ ಬಿಸಿನೀರಲ್ಲಿ ಕಾಲು ತೊಳ್ಕೊಳ್ಳಿ."

ಉಣುಗು ಎಂದರೆ ದನಗಳ ಮೈಗೆ ಅಂಟಿ ರಕ್ತ ಹೀರುವ ಹುಳು. ನಮ್ಮ ಕಡೆ ಉಣ್ಣೆ ಎನ್ನುತ್ತೇವೆ. ಇಲ್ಲಿ ಅದರ ಮರಿ ಸಾಸಿವೆ ಕಾಳಿಗಿಂತ ಸಣ್ಣದು. ನನ್ನ ಕನ್ನಡಕಕ್ಕೆ ಕಾಣದಷ್ಟು ಸಣ್ಣದು. ಆ ದಿನ ಮೂರು ಸಲ ಸ್ನಾನ ಮಾಡಿದೆ. ಆದರೂ ಮೈಮೇಲೆಲ್ಲ ಏನೋ ಹರಿದ ಹಾಗಾಗುತ್ತಿತ್ತು.

ಊರಿನ ನಮ್ಮ ಕ್ರೈಸ್ತ ಸಭೆಯ ಪತ್ರಿಕೆಯವರು "ಮಲೆನಾಡಿನಲ್ಲಿ ಹೇಗಿದ್ದೀರಿ, ಬರೆಯಿರಿ" ಎಂದು ಎರಡು ಬಾರಿ ಕೇಳಿದರು. ಅಡಿಕೆ, ಕಾಫಿ, ಹಸಿರು ಎಂದು ಬರೆಯುವುದು ಸುಲಭವಿತ್ತು. ಆದರೆ ನಾನು ಇಲ್ಲಿ ಮೊದಲ ವರ್ಷ ಕಳೆದದ್ದು ಹೆದರಿಕೆಯಲ್ಲಿ. ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ.

ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿ ಬೆಳೆದ ನಮಗೆ ಭಯ ಹೊಸದಲ್ಲ. ಅಲ್ಲಿ ಭಯ ನೆಲದ ಕೆಳಗಿತ್ತು. ಅವೇಳೆಯಲ್ಲಿ ಸೈರನ್ ಕೂಗಿದರೆ ಹೆಂಗಸರೆಲ್ಲ ಬೀದಿಗೆ ಬಂದು ನಿಲ್ಲುತ್ತಿದ್ದೆವು. ಯಾರ ಮನೆಗೆ ಸುದ್ದಿ ಬರುತ್ತದೆ ಎಂದು ಅರ್ಧ ಗಂಟೆಯಲ್ಲಿ ತಿಳಿಯುತ್ತಿತ್ತು. ಉಳಿದವರು ಒಳಗೆ ಹೋಗಿ ಒಲೆ ಹಚ್ಚುತ್ತಿದ್ದೆವು. ಇಲ್ಲಿ ಭಯಕ್ಕೆ ಸೈರನ್ ಇಲ್ಲ. ಅದು ಮರದ ಮೇಲಿರುತ್ತದೆ, ಎಲೆಯ ಅಡಿಯಲ್ಲಿರುತ್ತದೆ, ಮೊಮ್ಮಗಳ ಲಂಗದ ಅಂಚಿನಲ್ಲಿರುತ್ತದೆ. ಕಚ್ಚಿದ್ದು ಗೊತ್ತಾಗಲು ವಾರ ಬೇಕು.

ಗಣಿ ಮುಚ್ಚಿದ ಮೇಲೆ ನಮ್ಮ ಬೀದಿ ಹೇಗೆ ಖಾಲಿಯಾಯಿತೆಂದು ನಿಮಗೆ ನಾನು ಹೇಳಬೇಕಿಲ್ಲ. ನಾನು ನಿವೃತ್ತಳಾಗಿದ್ದೆ, ನಲವತ್ತು ವರ್ಷದ ಹತ್ತಿರ ಸಭೆಯ ಶಾಲೆಯಲ್ಲಿ ಕನ್ನಡವನ್ನೂ ಭಾನುವಾರ ಕ್ರೈಸ್ತ ಧರ್ಮದ ಪ್ರಶ್ನೋತ್ತರ ಪಾಠವನ್ನೂ ಕಲಿಸಿದ್ದೆ. ಅಷ್ಟರಲ್ಲಿ ಅಳಿಯ ತೀರಿಕೊಂಡ. ಮಗಳು ಎಸ್ತರ್‌ಗೆ ಕೊಪ್ಪ ತಾಲ್ಲೂಕಿನಲ್ಲಿ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್, ಅಂದರೆ ನರ್ಸ್, ಕೆಲಸ ಸಿಕ್ಕಿತು. ಅವಳು ಮನೆಮನೆ ಸುತ್ತುವಾಗ ಎಂಟು ವರ್ಷದ ಹನ್ನಾಳನ್ನು ನೋಡಿಕೊಳ್ಳುವವರು ಬೇಕಲ್ಲ? ಹೀಗೆ ಅರವತ್ತೆರಡನೆಯ ವಯಸ್ಸಿನಲ್ಲಿ ನಾನು ಮರಗಳ ಊರಿಗೆ ಬಂದೆ.

ಸಾವಿತ್ರಮ್ಮ ತಮ್ಮ ಮನೆಯ ಬದಿಯ ಎರಡು ಕೋಣೆಗಳನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದರು. ಅವರ ತವರು ಶೃಂಗೇರಿ ಹತ್ತಿರದ ಮೆಣಸೆ. ಅಣ್ಣಂದಿರು ಮಠದಲ್ಲಿ ವೇದ ಓದಿದವರು. ಅವರ ಅಡುಗೆಮನೆಯ ಗೋಡೆಗೆ ಅಂಟಿಕೊಂಡೇ ನಮ್ಮ ಒಲೆ. ಮೊದಲ ತಿಂಗಳು ಹನ್ನಾಗೆ ಒಂದು ಮೊಟ್ಟೆ ಬೇಯಿಸಬೇಕಾದರೂ ಬಾಗಿಲು ಮುಚ್ಚಿಕೊಳ್ಳುತ್ತಿದ್ದೆ. ಬೆಂದ ಮೇಲೆ ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ, ಯಾರೂ ಇಲ್ಲದಾಗ ಹಿತ್ತಲ ಮೂಲೆಯಲ್ಲಿ ಹೂಳುತ್ತಿದ್ದೆ. ಮನೆ ಬಿಡಿ ಎಂದರೆ ಎಲ್ಲಿ ಹೋಗುವುದು?

ಒಂದು ಮಧ್ಯಾಹ್ನ ಹನ್ನಾ ಅವರ ಜಗಲಿಯಲ್ಲಿ ಕುಳಿತು, "ನಮ್ಮೂರಲ್ಲಿ ಅಯ್ಯರು ಮಟನ್ ಬಿರಿಯಾನಿ ತಿಂತಾರೆ" ಎಂದುಬಿಟ್ಟಳು. ನಮ್ಮ ತಮಿಳು ಲೂಥರನ್ ಸಭೆಗಳಲ್ಲಿ ಪಾದ್ರಿಯವರನ್ನು ಅಯ್ಯರ್ ಎನ್ನುವುದು ವಾಡಿಕೆ. ಸಾವಿತ್ರಮ್ಮನಿಗೆ ಅದು ಹೇಗೆ ತಿಳಿಯಬೇಕು? ನಾನು ಓಡಿಹೋಗಿ, ತಡವರಿಸುತ್ತ ವಿವರಿಸಿದೆ. ಅವರು ಸೆರಗು ಬಾಯಿಗಿಟ್ಟು ನಕ್ಕರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ಹಾಂಗೇ ಟೀಚರೇ, ಆ ಮೊಟ್ಟೆ ಸಿಪ್ಪೆ ಹೂಳೂದೆಂತಕ್ಕೆ? ಗುಲಾಬಿ ಬುಡಕ್ಕೆ ಹಾಕಿ. ಒಳ್ಳೆ ಗೊಬ್ಬರ."

ನನ್ನ ಹೆದರಿಕೆಗಳಲ್ಲಿ ಒಂದು ಅಂದು ಕಳಚಿತು. ಉಳಿದವು ಹಾಗೇ ಇದ್ದವು.

ಭಾನುವಾರಗಳು ಬಹಳ ಉದ್ದವಾಗಿದ್ದವು. ಇಲ್ಲಿ ನಮ್ಮ ಸಭೆಯಿಲ್ಲ. ಒಮ್ಮೆ ಕೊಪ್ಪದಲ್ಲಿ ಬಸ್ಸು ಬದಲಿಸಿ ನರಸಿಂಹರಾಜಪುರಕ್ಕೆ ಹೋದೆ. ಅಲ್ಲಿ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತರಿದ್ದಾರೆ. ಅವರ ಚರ್ಚಿನಲ್ಲಿ ಕಡಹಿನಬೈಲಿನ ಕಡೆಯ ಒಬ್ಬ ಅಜ್ಜಿ ಸರಿದು ಜಾಗ ಕೊಟ್ಟರು. ಪ್ರಾರ್ಥನೆಯೆಲ್ಲ ಮಲಯಾಳದಲ್ಲಿ, ತಮಿಳಿನ ಕಿವಿಗೆ ಅರ್ಧ ತಿಳಿಯುತ್ತಿತ್ತು. ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸುವ ಹೊತ್ತಿಗೆ ಎಲ್ಲರೂ ಎದ್ದು ಹೋದಾಗ, ಬೇರೆ ಸಭೆಯವಳಾದ ನಾನು ಒಬ್ಬಳೇ ಬೆಂಚಿನಲ್ಲಿ ಉಳಿದೆ. ಹಿಂದಿರುಗುವಾಗ ಬಸ್ಸಿನಲ್ಲಿ ಅತ್ತೆ. ಆಮೇಲೆ ಹನ್ನಾಳನ್ನು ಕೂರಿಸಿಕೊಂಡು ಮನೆಯಲ್ಲೇ ಬೈಬಲ್ ಓದತೊಡಗಿದೆ. ಪ್ರಶ್ನೋತ್ತರ ಪಾಠದಲ್ಲಿ ದೇವರ ಭಯವನ್ನೂ ದೇವರ ಪ್ರೀತಿಯನ್ನೂ ಒಂದೇ ಉಸಿರಿನಲ್ಲಿ ಹೇಳಬೇಕೆಂದು ನಾನು ನಿಮ್ಮಲ್ಲಿ ಎಷ್ಟೋ ಜನರಿಗೆ ಕಲಿಸಿದ್ದೇನೆ. ಬಸರೀಕಟ್ಟೆಯಲ್ಲಿ ನನ್ನಲ್ಲಿದ್ದದ್ದು ಆ ಭಯವಲ್ಲ. ನನ್ನ ಭಯದ ಜೊತೆ ಪ್ರೀತಿ ಇರಲಿಲ್ಲ.

ಈಗ ಪಾಪಾತಿಯ ವಿಷಯ ಹೇಳಬೇಕು.

ಕಾಡಿನ ಆಚೆಗೆ ಒಂದು ಕಾಫಿ ತೋಟ, ಅದರಲ್ಲಿ ಕೂಲಿಗಳ ಲೈನು, ಅಂದರೆ ಸಾಲುಮನೆಗಳು. ಅಲ್ಲಿರುವವರು ಹೆಚ್ಚಿನವರು ತಮಿಳರು. ನಲವತ್ತರ ಆಸುಪಾಸಿನ ಪಾಪಾತಿ ಅಲ್ಲಿಂದ ಸಾವಿತ್ರಮ್ಮನ ಕೊಟ್ಟಿಗೆಗೆ ದರಗು ತರುತ್ತಿದ್ದಳು. ದರಗು ಎಂದರೆ ದನದ ಕಾಲಡಿ ಹಾಸಲು ಕಾಡಿನಿಂದ ಗುಡಿಸಿ ತರುವ ಒಣಗಿದೆಲೆ. ನಾನು ತಮಿಳಿನವಳೆಂದು ಗೊತ್ತಾದ ದಿನ ಅವಳು ಹೊರೆ ಇಳಿಸಿ, ನನ್ನ ಕೈ ಹಿಡಿದುಕೊಂಡು, ಸುಮ್ಮನೆ ಮಾತಾಡಿಯೇ ಮಾತಾಡಿದಳು. ಅಂದಿನಿಂದ ದಿನಾ ನನಗೆ ಒಂದು ಲೋಟ ಹೆಚ್ಚಿಗೆ ಕಾಫಿ ಮಾಡುವ ಕೆಲಸ.

ಮಂಗ ಸತ್ತ ಸುದ್ದಿ ಆರೋಗ್ಯ ಕೇಂದ್ರಕ್ಕೆ ಹೋದ ಮೇಲೆ ಎಸ್ತರ್ ಆ ಜ್ವರದ ಲಸಿಕೆಯ ಡಬ್ಬಿ ಹಿಡಿದು ಹೊರಟಳು. ತಿಂಗಳ ಅಂತರದಲ್ಲಿ ಎರಡು ಸೂಜಿ. ಚುಚ್ಚಿದರೆ ಬಹಳ ನೋವು, ಎರಡು ದಿನ ತೋಳು ಎತ್ತಲಾಗದು. ಹನ್ನಾ ಅತ್ತು ಹಾಕಿಸಿಕೊಂಡಳು. ನಾನು ಮಾತ್ರ ಬಿಪಿ ನೆಪ ಹೇಳಿ ತಪ್ಪಿಸಿಕೊಂಡೆ. ನಿಜವಾದ ಕಾರಣ ಹೆದರಿಕೆಯೇ. ಆ ಔಷಧಿಯಿಂದಲೇ ಜ್ವರ ಬರುತ್ತದೆ ಎಂದು ಅಂಗಡಿಯಲ್ಲಿ ಯಾರೋ ಹೇಳಿದ್ದು ತಲೆಯಲ್ಲಿ ಕೂತಿತ್ತು.

ಮರುದಿನ ಪಾಪಾತಿ ಕಾಫಿ ಕುಡಿಯುತ್ತ ತಮಿಳಿನಲ್ಲಿ ಕೇಳಿದಳು: "ಅಮ್ಮಾ, ನಿಮ್ಮ ಮಗಳು ಇವತ್ತು ಲೈನಿಗೆ ಬರ್ತಾಳಂತೆ. ನೀವು ಹಾಕಿಸಿಕೊಂಡ್ರಾ?"

"ಇಲ್ಲ."

"ನಾನು ಹಾಕಿಸಿಕೊಳ್ಳಲಾ?"

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಓದು ಬರಹ ತಿಳಿದವರು ಎಂಬ ನಂಬಿಕೆ. ನಾನು ಹೇಳಿದೆ: "ಅವಸರ ಏನಿದೆ? ಇನ್ನೊಂದೆರಡು ವಾರ ನೋಡೋಣ."

ಸಂಜೆ ಎಸ್ತರ್ ಡಬ್ಬಿ ತೆರೆಯದೆ ಹಿಂದಿರುಗಿದಳು. ಕಾಲು ತೊಳೆಯುತ್ತ ಹೇಳಿದಳು: "ಒಬ್ಬರೂ ಕೈ ಕೊಡಲಿಲ್ಲಮ್ಮ. ಸಿಸ್ಟರ್ ಮನೆಯವರೇ ಹಾಕಿಸಿಕೊಂಡಿಲ್ಲ ಅಂತ ಯಾರೋ ಹೇಳಿದ್ದಾರೆ. ಎಲ್ಲಿಂದ ಹುಟ್ಟುತ್ತೋ ಇಂಥ ಮಾತು."

ನಾನು ಅಕ್ಕಿ ಆರಿಸುತ್ತ ತಲೆ ತಗ್ಗಿಸಿಯೇ ಇದ್ದೆ. ಎಷ್ಟೋ ವರ್ಷ ಮಕ್ಕಳಿಗೆ ಸುಳ್ಳುಸಾಕ್ಷಿಯ ಪಾಪವನ್ನು ಬಿಡಿಸಿ ಹೇಳಿದವಳು ನಾನು. ಬಾಯಿ ಬಿಡದೆಯೂ ಆ ಪಾಪ ಮಾಡಬಹುದೆಂದು ಅಂದು ತಿಳಿಯಿತು.

ಮುಂದಿನ ತಿಂಗಳು ಪಾಪಾತಿ ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ತೋಟದ ಜೀಪು ನಮ್ಮ ಮನೆಯ ಮುಂದೆ ನಿಂತಿತು. ಎಸ್ತರ್‌ಳನ್ನು ಕರೆಯಲು ಬಂದಿದ್ದರು. ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದ ಒಂದು ಮುದ್ದೆ, ಪಾಪಾತಿ. ಕಣ್ಣು ಕೆಂಡದಂತಿತ್ತು, ಒಸಡಿನಿಂದ ರಕ್ತ ಜಿನುಗುತ್ತಿತ್ತು. ನನ್ನನ್ನು ಕಂಡರೂ ಗುರುತು ಹಿಡಿಯಲಿಲ್ಲ. ಎಸ್ತರ್ ಹತ್ತಿ ಕುಳಿತಳು. ಕೊಪ್ಪದ ಆಸ್ಪತ್ರೆಗೆ, ಅಲ್ಲಿಂದ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಜೀಪು ಹೋಯಿತು.

ಅಂದು ನಾನು ಮಂಡಿಯೂರಿದೆ. ಆದರೆ ಪ್ರಾರ್ಥನೆಯ ಒಂದು ಮಾತೂ ಬಾಯಿಗೆ ಬರಲಿಲ್ಲ. "ನೋಡೋಣ" ಎಂದು ನಾನು ಹೇಳಿದ ಮಾತೇ ತಿರುತಿರುಗಿ ಕೇಳುತ್ತಿತ್ತು.

ಮಾರನೆಯ ದಿನ ಎಸ್ತರ್ ಬಂದಾಗ ಎಲ್ಲ ಹೇಳಿದೆ. ಅವಳು, "ಹಾಕಿಸಿಕೊಂಡವರಿಗೂ ಬರೋದಿದೆಯಮ್ಮ. ಅದು ನಿನ್ನಿಂದಲೇ ಆಯ್ತು ಅಂತ ನಾನು ಹೇಳಲ್ಲ" ಎಂದಳು. ಎದ್ದು ಲಸಿಕೆಯ ಡಬ್ಬಿ ಒರೆಸುತ್ತ, "ಆದರೆ ಲೈನಿನಲ್ಲಿ ಇನ್ನೂ ಅಷ್ಟೂ ಜನ ಇದ್ದಾರೆ" ಎಂದಳು.

"ನಾಳೆ ನಾನೂ ಬರ್ತೀನಿ."

"ಕಾಡು ದಾಟಬೇಕು."

"ಗೊತ್ತು."

ಸಾವಿತ್ರಮ್ಮ ನಮ್ಮನ್ನು ತಡೆಯಲಿಲ್ಲ. ಉಣುಗು ಹತ್ತದಂತೆ ಆರೋಗ್ಯ ಕೇಂದ್ರದವರು ಕೊಟ್ಟ ಎಣ್ಣೆಯನ್ನು ತಾವೇ ನನ್ನ ಕಾಲಿಗೆ ಮಂಡಿಯವರೆಗೆ ಹಚ್ಚಿದರು. ನಾನು ಕಾಲು ಹಿಂದೆಳೆದುಕೊಂಡರೆ ಗದರಿದರು: "ಸುಮ್ನಿರಿ ಟೀಚರೇ. ನಿಮ್ಗೆ ಬಗ್ಗಕ್ಕಾಗೂದಿಲ್ಲ."

ಆ ಅರ್ಧ ಗಂಟೆಯ ದಾರಿಯನ್ನು ನಾನು ಮರೆಯಲಾರೆ. ಹಗಲು ಹನ್ನೊಂದು ಗಂಟೆ. ಆದರೂ ಒಳಗೆ ಸಂಜೆಯ ಬೆಳಕು. ಪ್ರತಿ ಹೆಜ್ಜೆಗೂ ದರಗು ಪರಪರ ಎನ್ನುತ್ತಿತ್ತು. ಮೇಲೆ ಕೊಂಬೆ ಅಲ್ಲಾಡಿದಾಗ ನಿಂತುಬಿಟ್ಟೆ. ಎಸ್ತರ್ ಹಿಂದೆ ತಿರುಗಿ ಕೈ ಚಾಚಿದಳು. ಅವಳು ನಾಲ್ಕು ವರ್ಷದ ಮಗುವಾಗಿದ್ದಾಗ ನಾನು ಕೈ ಹಿಡಿದು ಶಾಲೆಗೆ ಕರೆದೊಯ್ಯುತ್ತಿದ್ದೆ. ಈಗ ಅವಳು ನನ್ನನ್ನು.

ಲೈನಿನ ಜನ ಗುಂಪುಗೂಡಿ ನಿಂತಿದ್ದರು. ಪಾಪಾತಿಯ ಬಾಗಿಲಿಗೆ ಬೀಗ. ನಾನು ಅಲ್ಲಿನ ಕಟ್ಟೆಯ ಮೇಲೆ ಕುಳಿತು ತಮಿಳಿನಲ್ಲಿ ಹೇಳಿದೆ: "ಸಿಸ್ಟರ್ ತಾಯಿ ಹಾಕಿಸಿಕೊಂಡಿಲ್ಲ ಅನ್ನೋ ಮಾತು ನಿಜ. ಹೆದರಿಕೆಯಿಂದ ಹಾಕಿಸಿಕೊಳ್ಳಲಿಲ್ಲ. ಪಾಪಾತಿ ನನ್ನ ಕೇಳಿದಳು. ನಾನು ತಪ್ಪು ಹೇಳಿದೆ." ಆಮೇಲೆ ರವಿಕೆಯ ತೋಳು ಮಡಚಿದೆ. ಎಸ್ತರ್ ಹತ್ತಿಯಿಂದ ತೋಳು ಒರೆಸಿದಳು. ಸೂಜಿ ಇಳಿದಾಗ ಕಣ್ಣಲ್ಲಿ ನೀರು ಬಂತು, ನಾನು ಮುಚ್ಚಿಡಲಿಲ್ಲ. ಗುಂಪಿನ ಹಿಂದಿನಿಂದ ಒಬ್ಬ ಮುದುಕಿ, "ಅಳುವಷ್ಟು ನೋವಾ?" ಎಂದಳು. "ಹೌದು, ಬಹಳ ನೋವು" ಎಂದೆ. ಅವಳು ಮುಂದೆ ಬಂದು ಕೈ ಚಾಚಿದಳು. ಅವಳ ಹಿಂದೆ ಅವಳ ಸೊಸೆ. ಮಧ್ಯಾಹ್ನದ ಹೊತ್ತಿಗೆ ಡಬ್ಬಿ ಖಾಲಿಯಾಗಿತ್ತು.

ಪಾಪಾತಿ ಬದುಕಿದಳು. ಒಂದು ತಿಂಗಳ ಮೇಲೆ ಬಂದಾಗ ಅರ್ಧ ಆಳಾಗಿದ್ದಳು. ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಆ ವರ್ಷ ಹೊರೆ ಹೊರಲಾಗಲಿಲ್ಲ. ನಾನು ಕ್ಷಮೆ ಕೇಳಿದೆ. ಅವಳು ತಲೆ ಅಲ್ಲಾಡಿಸಿ ಹೇಳಿದಳು: "ನನಗೂ ಹೆದರಿಕೆ ಇತ್ತಮ್ಮ. ಬೇಡ ಅನ್ನುವವರು ಬೇಕಾಗಿತ್ತು. ಅದಕ್ಕೇ ನಿಮ್ಮ ಹತ್ತಿರ ಬಂದೆ." ಅದು ಕ್ಷಮೆಯೋ ಅಲ್ಲವೋ, ನನಗೆ ಇಂದಿಗೂ ತಿಳಿದಿಲ್ಲ.

ಮಳೆ ಹಿಡಿದು ಉಣುಗಿನ ಕಾಟ ಮುಗಿದ ಮೇಲೆ ಹತ್ತು ದಿನಕ್ಕೆಂದು ನಿಮ್ಮಲ್ಲಿಗೆ ಬಂದಿದ್ದೆನಲ್ಲ, ಸಭೆಯಲ್ಲಿ ನೀವೆಲ್ಲ ಸುತ್ತುವರಿದು ಇಲ್ಲೇ ಇದ್ದುಬಿಡಿ ಟೀಚರ್ ಎಂದಿರಿ. ನನ್ನ ಭಾಷೆಯಲ್ಲಿ ಹಾಡಿದೆ, ಪ್ರಭುಭೋಜನಕ್ಕೆ ಎಲ್ಲರ ಜೊತೆ ಎದ್ದು ನಡೆದೆ. ಗಣಿಯ ಪುಡಿಮಣ್ಣು ಸುರಿದ ಬೂದಿಬಣ್ಣದ ದಿಬ್ಬಗಳ ಮೇಲೆ ಒಂದೂ ಮರವಿಲ್ಲ. ಆಕಾಶ ಅಂಚಿನವರೆಗೂ ಕಾಣುತ್ತದೆ. ನಿರ್ಭಯವಾಗಿ ನಿದ್ದೆ ಮಾಡಬಹುದಿತ್ತು. ಆದರೆ ಮೂರನೆಯ ದಿನದಿಂದಲೇ ನಾನು ಎಸ್‌ಟಿಡಿ ಬೂತಿನ ಮುಂದೆ ನಿಲ್ಲತೊಡಗಿದೆ. ಹನ್ನಾ ಹಳ್ಳದ ಮೇಲಿನ ಸಂಕ ದಾಟುವಾಗ ಯಾರ ಕೈ ಹಿಡಿದಿದ್ದಳು? ಪಾಪಾತಿ ಮಾತ್ರೆ ನುಂಗಿದಳಾ? ಎಸ್ತರ್ ಕೊನೆಗೆ ಫೋನಿನಲ್ಲೇ ರೇಗಿದಳು: "ಅಮ್ಮಾ, ನೀನು ಅಲ್ಲಿದ್ದೀಯೋ ಇಲ್ಲಿದ್ದೀಯೋ?"

ಏಳನೆಯ ದಿನವೇ ಹೊರಟೆ. ಬೆಂಗಳೂರಿನ ನಿಲ್ದಾಣದಲ್ಲಿ ಕಂಡಕ್ಟರ್ ನನ್ನ ಚೀಲ ಮೇಲಿಡುತ್ತ, "ಊರಿಗಾ ಅಜ್ಜಿ?" ಎಂದ. ಹೌದು ಎನ್ನಲು ಬಾಯಿ ತೆರೆದೆ. ಬೆಳಿಗ್ಗೆ ಬಿಟ್ಟು ಬಂದದ್ದನ್ನೂ ಊರು ಎಂದೇ ಕರೆಯುತ್ತೇನಲ್ಲವೇ ಎಂದು ತಡೆದೆ. ನನ್ನ ಹಿಂದೆ ಜನ ಹತ್ತಲು ಕಾಯುತ್ತಿದ್ದರು.

"ಕೊಪ್ಪಕ್ಕೆ ಒಂದು ಕೊಡಪ್ಪ" ಎಂದೆ.