ಹೆಸರು ಹೇಳದ ಎಲೆ

ಹಿರೇಬೆಂಡಿಗೇರಿಯಲ್ಲಿರುವ ನನ್ನ ಸೋದರತ್ತೆ ಬಾವು ಇಳಿಸುವ ಔಷಧಿ ಕಟ್ಟುತ್ತಾಳೆ. ಕಾಲು ಉಳುಕಿದವರು, ಮೊಣಕಾಲು ಬಾತವರು ದುಂಡಸಿಯಿಂದಲೂ ಬರುತ್ತಾರೆ. ಯಾವುದೋ ಎಲೆಗೆ ಔಡಲೆಣ್ಣೆ ಸವರಿ, ಹಂಚಿನ ಮೇಲೆ ಬಾಡಿಸಿ, ಹಳೆಯ ಸೀರೆಯ ಅರಿವೆಯಿಂದ ಕಟ್ಟಿ ಕಳಿಸುತ್ತಾಳೆ. ಎಲೆಯ ಹೆಸರು ಮಾತ್ರ ಕೇಳಬಾರದು. ಹೆಸರು ಬಾಯಿಂದ ಹೊರಬಿದ್ದರೆ ಕೈಗುಣ ಹೋಗುತ್ತದೆ, ಆಮೇಲೆ ಆ ಕೈಯಿಂದ ಯಾರಿಗೂ ವಾಸಿಯಾಗುವುದಿಲ್ಲ ಎಂಬುದು ಅವಳ ಅವ್ವ ಹೇಳಿಕೊಟ್ಟ ಕಟ್ಟಳೆ.

ನಾನು ಶಿಗ್ಗಾವಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಸುತ್ತಲಿನ ಗಿಡಗಳ ಎಲೆ ತಂದು, ನೆರಳಲ್ಲಿ ಒಣಗಿಸಿ, ಸ್ಪಿರಿಟ್ಟಿನಲ್ಲಿ ನೆನೆಹಾಕಿ ಸಾರ ತೆಗೆಯುತ್ತೇವೆ. ಸಾರದ ಹನಿ ಬಿದ್ದು ಪರೀಕ್ಷೆಗೆಂದು ಇಟ್ಟ ನೇರಳೆ ದ್ರಾವಣ ಹಳದಿಗೆ ತಿರುಗಿದರೆ ಎಲೆಯಲ್ಲಿ ಆಂಟಿಆಕ್ಸಿಡೆಂಟ್ ಗುಣವಿದೆ ಎಂದು ಲೆಕ್ಕ. ಬಾವು ಇಳಿಯುತ್ತದೋ ಇಲ್ಲವೋ ಎಂಬುದು ಬೇರೆ ಮಾತು, ಗಾಜಿನ ನಳಿಕೆಗೆ ಮೊಣಕಾಲಿಲ್ಲವಲ್ಲ. ಇದನ್ನೆಲ್ಲ ಹೇಳಿದಾಗ ಅತ್ತೆ, “ಸಾರ ನೀ ತೆಗೀತಿ, ಒಗ್ಗರಣಿ ಯಾರು ಹಾಕ್ತಾರ?” ಅಂದಿದ್ದಳು. ಎಷ್ಟು ಕಾಡಿದರೂ ಎಲೆಯ ಹೆಸರು ಬಿಟ್ಟುಕೊಡಲಿಲ್ಲ. ನನಗೆ ಸಿಟ್ಟೇ ಬರುತ್ತಿತ್ತು.

ಹೋದ ಮಳೆಗಾಲದಲ್ಲಿ ಅತ್ತೆಯ ಮೊಣಕಾಲೇ ಬಾತಿತು. ಡಾಕ್ಟರು ಕೊಟ್ಟ ಗುಳಿಗೆ ನುಂಗುತ್ತಿದ್ದಳು, ಆದರೆ ಎಲೆ ಕಟ್ಟದೆ ಅವಳಿಗೆ ಸಮಾಧಾನವಿಲ್ಲ. ಹೊಲದವರೆಗೆ ನಡೆಯಲಾಗದು. ಯಾರನ್ನಾದರೂ ಕಳಿಸೋಣವೆಂದರೆ ಹೆಸರು ಹೇಳಬೇಕು. ಗೋಡೆಗೆ ಒರಗಿ ಹಲ್ಲು ಕಚ್ಚಿ ಕೂತಿದ್ದಳು.

“ಹೆಸರು ಬ್ಯಾಡ ಅತ್ತಿ, ದಾರಿ ಹೇಳು,” ಅಂದೆ.

ಅವಳು ಹೊಲದ ಕಡೆ ಕೈ ಮಾಡಿದಳು. “ಹಳ್ಳದ ದಂಡಿ ಹಿಡದು ಹೋಗು. ನಮ್ಮ ಬದುವಿನ ಮ್ಯಾಲ ಐತಿ. ಎಲಿ ತಿಕ್ಕಿ ಮೂಸು. ನಮ್ಮ ಕಾಳಿನ ಡಬ್ಬಿ ವಾಸನಿ ಬಂದ್ರ ಹರಕೊಂಡು ಬಾ.” ಕಾಳಿಗೆ ಹುಳ ಹತ್ತದಂತೆ ಅವಳು ಡಬ್ಬಿಯಲ್ಲಿ ಹಾಕಿಡುತ್ತಿದ್ದುದೂ ಅದೇ ಎಲೆಯಂತೆ.

ಬದುವಿನ ಮೇಲೆ ನಿಂತು ಮೂಸಿದೆ. ನಗು ತಡೆಯಲಾಗಲಿಲ್ಲ. ನಮ್ಮ ಕಾಲೇಜಿನ ಬೇಲಿಯ ತುಂಬ ಇರುವ ಗಿಡ! ಅದರ ಸಾರದಿಂದ ನೇರಳೆಯನ್ನು ಹಳದಿ ಮಾಡಿ, ಲ್ಯಾಟಿನ್ ಹೆಸರಿನ ಚೀಟಿಯನ್ನು ಶೀಶೆಗೆ ಅಂಟಿಸಿದವಳೂ ನಾನೇ. ನಮ್ಮ ಕಪಾಟಿನಲ್ಲೇ ಇದ್ದ ಶೀಶೆಯ ಹೆಸರಿಗಾಗಿ ಅತ್ತೆಯನ್ನು ಇಷ್ಟು ಕಾಲ ಕಾಡಿದ್ದೆ. ಓಡಿಹೋಗಿ ಹೇಳಿಬಿಡಬೇಕು ಅನ್ನಿಸಿತು.

ಮನೆಗೆ ಬಂದಾಗ, ಊದಿದ ಕೈ ಹಿಡಿದುಕೊಂಡು ಬಂಕಾಪುರದ ಹೆಂಗಸೊಬ್ಬಳು ಕಟ್ಟೆಯ ಮೇಲೆ ಕಾದಿದ್ದಳು. ಒಳಗೆ ನಾನು ಎಲೆ ಬಾಡಿಸಿ ಅತ್ತೆಯ ಮೊಣಕಾಲಿಗೆ ಕಟ್ಟುತ್ತಿದ್ದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಯಾವ ಎಲಿ ಅಂತ ಗೊತ್ತಾತೇನವ್ವಾ?” ಅತ್ತೆ ಕೇಳಿದಳು.

“ಇಲ್ಲ ಅತ್ತಿ. ನನಗ ಎಲ್ಲಾ ಎಲಿನೂ ಒಂದ ಥರಾ ಕಾಣ್ತಾವ.”

“ಇಷ್ಟು ಓದಿ ಏನು ಬಂತು ನಿನಗ!” ಬೈಯುತ್ತಲೇ ಅವಳ ಮುಖ ಅರಳಿತು. ಉಳಿದ ಎಲೆಗಳನ್ನು ನನ್ನ ಕೈಯಿಂದ ಇಸಿದುಕೊಂಡು ಬಾಗಿಲ ಕಡೆ ಕೂಗಿದಳು: “ಒಳಗ ಬರ್ರಿ ಅಕ್ಕಾ, ಕೈ ಕೊಡ್ರಿ ಇಲ್ಲೆ.”

ಕಾಲೇಜಿನ ಶೀಶೆಯ ಮೇಲೆ ಚೀಟಿ ಹಾಗೇ ಇದೆ. ಇಲ್ಲಿ ಮಾತ್ರ ನಾನು ಆ ಹೆಸರು ಬರೆದಿಲ್ಲ. ಅತ್ತೆಗೆ ಓದಲು ಬರುತ್ತದೆ.